ರಿಸರ್ವ್ ಬ್ಯಾಂಕಿನಲ್ಲೊಂದು ಬೇಸಗೆ

ಮಿರಗದ ಮಳೆಗೆ ಇನ್ನೂ ಕೆಲವು ದಿನಗಳಿರುವಾಗಲೇ, ಎಂದರೆ ಮೇ ತಿಂಗಳ ಕಡೆಯ ವಾರದಲ್ಲಿ, ಧಾರವಾಡ ಜಿಲ್ಲೆಯ ಕಲಘಟಗಿಯ ಬ್ಯಾಂಕುಗಳ ಬಾಗಿಲಲ್ಲಿ ಹೊತ್ತೇರುವ ಮೊದಲೇ ಜನ ಕೂಡತೊಡಗುತ್ತಾರೆ. ಮಿಶ್ರಿಕೋಟಿಯಿಂದ ಮೊದಲ ಬಸ್ಸಿಗೆ ಬಂದಿಳಿದ ರೈತನ ಕೈಚೀಲದಲ್ಲಿ ಉತಾರ, ಆಧಾರ್ ಕಾರ್ಡಿನ ಝೆರಾಕ್ಸು, ಅಂಚು ಮಾಸಿದ ಪಾಸ್‌ಬುಕ್ಕು; ದುಮ್ಮವಾಡದ ಹೆಣ್ಣುಮಗಳ ಸೆರಗಿನ ಗಂಟಿನಲ್ಲಿ, ಬೀಜ ಗೊಬ್ಬರದ ಖರ್ಚಿಗೆಂದು ಅಡವಿಡಲು ತಂದ ಬೋರಮಾಳ; ಹೋದ ವರ್ಷದ ಬೆಳೆಸಾಲವನ್ನು ತೀರಿಸಿ ಹೊಸದಾಗಿ ಎತ್ತಲು ಬಂದವರದೇ ಒಂದು ದೊಡ್ಡ ಪಾಳಿ.

"ಇದು ನಡೀತೈತೇನ್ರಿ ಸಾಹೇಬ್ರ?" ಎಂದು ಹಿರಿಯರೊಬ್ಬರು ಕಿಂಡಿಯೊಳಗೆ ಚಾಚಿದ ಐನೂರರ ನೋಟಿನ ಒಂದು ಪಾಲನ್ನು ಇಲಿ ತಿಂದುಹಾಕಿದೆ. ಕ್ಯಾಶಿಯರು ಅದನ್ನು ಮೇಜಿನ ಮೇಲೆ ಹರವಿ, ಉಳಿದ ತುಂಡನ್ನು ಕಣ್ಣಳತೆಯಲ್ಲಿ ನೋಡಿ, "ಪೂರಾ ಬರಂಗಿಲ್ರಿ ಯಜಮಾನ್ರ, ಅರ್ಧಾ ರೊಕ್ಕ ಸಿಗ್ತೈತಿ" ಎನ್ನುತ್ತಾರೆ. ಐವತ್ತು ರೂಪಾಯಿ ಹಾಗೂ ಅದಕ್ಕೆ ಮೇಲ್ಪಟ್ಟ ನೋಟಾದರೆ, ಉಳಿದಿರುವ ಅಖಂಡವಾದ ಅತಿದೊಡ್ಡ ತುಂಡು ಮೂಲ ವಿಸ್ತೀರ್ಣದ ಶೇಕಡಾ 80ನ್ನು ಮೀರಿದ್ದರೆ ಪೂರ್ಣ ಬೆಲೆ. 40ರಿಂದ 80ರೊಳಗಿದ್ದರೆ ಅರ್ಧ. 40ಕ್ಕೂ ಕಡಿಮೆಯಾದರೆ ಏನೂ ಇಲ್ಲ. ಈ ನಿಯಮವನ್ನು ಆ ಕ್ಯಾಶಿಯರಾಗಲಿ, ಅವರ ಶಾಖೆಯ ವ್ಯವಸ್ಥಾಪಕರಾಗಲಿ, ಆ ಬ್ಯಾಂಕಿನ ಪ್ರಧಾನ ಕಚೇರಿಯಾಗಲಿ ಮಾಡಿದುದಲ್ಲ. ಅದು ಭಾರತೀಯ ರಿಸರ್ವ್ ಬ್ಯಾಂಕು ವಿಧಿಸಿದುದು.

ಅದೇ ವಾರ, ಐನೂರು ಕಿಲೋಮೀಟರಿಗೂ ಆಚೆ, ಮಿಂಟ್ ರೋಡ್ ಎಂಬ ಹೆಸರಿನಿಂದಲೇ ವೃತ್ತಪತ್ರಿಕೆಗಳು ನಿರ್ದೇಶಿಸುವ ಮುಂಬಯಿಯ ಆ ಕೇಂದ್ರ ಕಚೇರಿಯಲ್ಲಿ, ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿನ ಕೆಲವು ವಿದ್ಯಾರ್ಥಿಗಳು ಇಂತಹ ನಿಯಮಗಳು ಹುಟ್ಟುವ ಮೇಜುಗಳ ಪಕ್ಕದಲ್ಲಿ ಕುಳಿತು, ಕಡತ, ಕೋಷ್ಟಕ, ವರದಿಗಳ ನಡುವೆ ತಮ್ಮ ಬೇಸಗೆಯ ರಜೆಯನ್ನು ಕಳೆಯುತ್ತಿರುತ್ತಾರೆ. ಅವರು ನೌಕರರಲ್ಲ, ಪರೀಕ್ಷೆ ಬರೆದು ಆಯ್ಕೆಯಾದವರೂ ಅಲ್ಲ. ಏಪ್ರಿಲಿನಿಂದ ಜುಲೈವರೆಗಿನ ಅವಧಿಯಲ್ಲಿ ಹೆಚ್ಚೆಂದರೆ ಮೂರು ತಿಂಗಳು ಕಲಿಯಲು ಬಂದವರು. ಅವರ ಸಾಲಿನಲ್ಲಿ ಕಲಘಟಗಿಯ, ಕುಂದಗೋಳದ, ನವಲಗುಂದದ, ಅಣ್ಣಿಗೇರಿಯ ಮಕ್ಕಳೂ ಕುಳಿತುಕೊಳ್ಳಲು ನಿಯಮದಲ್ಲಿ ಯಾವ ಅಡ್ಡಿಯೂ ಇಲ್ಲವೆಂಬುದನ್ನು ಬಲ್ಲವರು ಈ ಕಡೆಯಲ್ಲಿ ವಿರಳ. ಈ ವ್ಯವಸ್ಥೆಯ ಸ್ವರೂಪವೇನು, ಅದರಿಂದ ಆಗುವುದೇನು, ನಮ್ಮ ಸೀಮೆಗೂ ಅದಕ್ಕೂ ಇರುವ ಸಂಬಂಧವಾವುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬ್ಯಾಂಕುಗಳ ಬ್ಯಾಂಕು

ರಿಸರ್ವ್ ಬ್ಯಾಂಕೆಂದರೆ ನೋಟು ಅಚ್ಚುಹಾಕುವ ಬ್ಯಾಂಕೆಂಬುದು ನಮ್ಮಲ್ಲಿ ಬಹುಜನರ ತಿಳಿವಳಿಕೆ. ಅದು ಸುಳ್ಳಲ್ಲ, ಆ ಬ್ಯಾಂಕಿಗೆ ಸೇರಿದ ಎರಡು ಮುದ್ರಣಾಲಯಗಳಲ್ಲಿ ಒಂದು ನಮ್ಮ ಮೈಸೂರಿನಲ್ಲಿಯೇ ಇದೆ. ಆದರೆ ಮುದ್ರಣವು ಅದರ ಕಾರ್ಯದ ಅಲ್ಪಾಂಶ ಮಾತ್ರ. 1934ರ ಕಾಯಿದೆಯ ಮೇರೆಗೆ 1935ರ ಏಪ್ರಿಲ್ 1ರಂದು ಆರಂಭವಾಗಿ, 1949ರ ಜನವರಿ 1ರಂದು ರಾಷ್ಟ್ರದ ಸ್ವತ್ತಾದ ಈ ಸಂಸ್ಥೆ ಸಾಮಾನ್ಯ ಜನರಿಂದ ಠೇವಣಿ ಪಡೆಯುವುದಿಲ್ಲ, ಅವರಿಗೆ ಸಾಲ ಕೊಡುವುದೂ ಇಲ್ಲ. ಸರಕಾರಕ್ಕೂ ಇತರ ಬ್ಯಾಂಕುಗಳಿಗೂ ಅದು ಬ್ಯಾಂಕು. ಜನರ ಠೇವಣಿಯನ್ನು ಇಟ್ಟುಕೊಳ್ಳುವವರು ಹೇಗೆ ನಡೆದುಕೊಳ್ಳತಕ್ಕದ್ದೆಂಬುದನ್ನು ವಿಧಿಸಿ, ಅದರಂತೆ ನಡೆಯುತ್ತಾರೆಯೇ ಎಂದು ನೋಡಿಕೊಳ್ಳುವ ಅಧಿಕಾರಿ.

ಊರ ಕೆರೆಯ ತೂಬನ್ನು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು ಎಂದು ನಿರ್ಧರಿಸುವವನ ಹೊಣೆ ಎಂತಹುದೋ, ಹಣದ ಹರಿವಿನ ವಿಷಯದಲ್ಲಿ ಈ ಬ್ಯಾಂಕಿನ ಹೊಣೆಯೂ ಅಂತಹುದು. ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿಯ ಸಾಲದ ಬಡ್ಡಿಯನ್ನು, ಎಂದರೆ ರೆಪೊ ದರವನ್ನು, ಏರಿಸಿದರೆ ಸಾಲ ತುಟ್ಟಿಯಾಗಿ ಬೇಡಿಕೆ ತಗ್ಗುತ್ತದೆ. ಇಳಿಸಿದರೆ ಹಣ ಸಲೀಸಾಗುತ್ತದೆ. 2016ರಿಂದ ಈ ನಿರ್ಧಾರ ಆರು ಜನರ ಸಮಿತಿಗೆ ಸೇರಿದೆ: ಮೂವರು ಬ್ಯಾಂಕಿನವರು, ಮೂವರು ಕೇಂದ್ರ ಸರಕಾರ ನೇಮಿಸಿದ ಹೊರಗಿನ ವಿದ್ವಾಂಸರು. ಬೆಲೆಗಳ ಏರಿಕೆಯನ್ನು ಶೇಕಡಾ 4ರ ಸುತ್ತ, ಮೇಲೆ ಕೆಳಗೆ ಎರಡರ ಅಂತರದೊಳಗೆ, ನಿಲ್ಲಿಸಬೇಕೆಂಬುದು ಅವರಿಗೆ ಗೊತ್ತುಪಡಿಸಿದ ಗುರಿ.

ಆ ನಿರ್ಧಾರ ಹಳ್ಳಿಗೆ ತಲುಪುವ ಬಗೆ ಮಾತ್ರ ಎಲ್ಲೆಡೆ ಒಂದೇ ತೆರನಾಗಿಲ್ಲ. ಸಹಕಾರಿ ಸೊಸಾಯಿಟಿಯಿಂದ 5 ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಪಡೆಯಬಲ್ಲ ಕರ್ನಾಟಕದ ರೈತನಿಗೆ ರೆಪೊ ದರ ಏರಿದರೂ ಇಳಿದರೂ ಆ ಸಾಲದ ಮಟ್ಟಿಗೆ ವ್ಯತ್ಯಾಸವಿಲ್ಲ. ಅದೇ ರೈತನ ಮಗ ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಲು ಎತ್ತಿದ ಸಾಲದ ಕಂತು ಅದರೊಡನೆ ಏರಿಳಿಯುತ್ತದೆ. ಪಕ್ಕದ ಮನೆಯವಳು ಕಿರುಸಾಲದ ಸಂಘದಿಂದ ತಂದ ಸಾಲದ ಬಡ್ಡಿ ಬೇರೆಯದೇ ಲೆಕ್ಕದಲ್ಲಿ ನಡೆಯುತ್ತದೆ. ಒಂದೇ ಓಣಿಯ ಮೂರು ಮನೆಗಳಲ್ಲಿ ಒಂದೇ ನಿರ್ಧಾರದ ಫಲ ಮೂರು ವಿಧವಾಗಿರುವುದನ್ನು ಕಣ್ಣಾರೆ ಕಂಡವನು ಅರ್ಥಶಾಸ್ತ್ರದ ತರಗತಿಗೆ ಬಂದಾಗ, ಪುಸ್ತಕದ ಸೂತ್ರವನ್ನು ಓದುವ ಅವನ ದೃಷ್ಟಿಯೇ ಬೇರೆಯಾಗಿರಬೇಕಲ್ಲವೆ?

ಬೇಸಗೆಯ ನಿಯೋಜನೆ

ವಿದ್ಯಾರ್ಥಿಗಳಿಗೆ ತನ್ನ ಬಾಗಿಲನ್ನು ತೆರೆಯಲು ಬ್ಯಾಂಕು ಮಾಡಿಕೊಂಡಿರುವ ಏರ್ಪಾಡನ್ನು ಸಮ್ಮರ್ ಪ್ಲೇಸ್‌ಮೆಂಟ್ ಎಂದು ಕರೆಯುತ್ತಾರೆ. ವರ್ಷಕ್ಕೆ 125 ಮಂದಿಯವರೆಗೆ ಆಯ್ಕೆ ಮಾಡುವುದುಂಟು. ಅರ್ಥಶಾಸ್ತ್ರ, ವಾಣಿಜ್ಯ, ಸಂಖ್ಯಾಶಾಸ್ತ್ರ, ನಿರ್ವಹಣಶಾಸ್ತ್ರ, ಬ್ಯಾಂಕಿಂಗ್, ಹಣಕಾಸು, ಕಾನೂನು ಮುಂತಾದ ವಿಷಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವವರು, ಐದು ವರ್ಷಗಳ ಸಮಗ್ರ ಪದವಿಯ ವಿದ್ಯಾರ್ಥಿಗಳು ಮತ್ತು ಮೂರು ವರ್ಷಗಳ ಕಾನೂನು ಪದವಿಯವರು ಅರ್ಜಿ ಹಾಕಬಹುದು. ವ್ಯಾಸಂಗದ ಕೊನೆಯ ವರ್ಷಕ್ಕೆ ಹಿಂದಿನ ವರ್ಷದಲ್ಲಿರತಕ್ಕದ್ದೆಂಬುದು ಮುಖ್ಯ ನಿಬಂಧನೆ. ಎರಡು ವರ್ಷದ ಎಂ.ಎ. ಅಥವಾ ಎಂ.ಕಾಂ. ಆದರೆ ಮೊದಲನೆಯ ವರ್ಷ.

ಅರ್ಜಿಯ ಕಾಲ ಅಕ್ಟೋಬರ್ 15ರಿಂದ ಡಿಸೆಂಬರ್ 15. ಹೊಸ ವರ್ಷದ ಆದಿಯಲ್ಲಿ, ಆರಿಸಿದವರನ್ನು ಸಂದರ್ಶನಕ್ಕೆ ಕರೆಯುತ್ತಾರೆ. ಆಯ್ಕೆಯಾದವರಿಗೆ ತಿಂಗಳಿಗೆ 20,000 ರೂಪಾಯಿಯ ಶಿಷ್ಯವೇತನವೂ, ಪರಸ್ಥಳದವರಾದರೆ ರೈಲಿನ ಹವಾನಿಯಂತ್ರಿತ ಎರಡನೆಯ ದರ್ಜೆಯಲ್ಲಿ ಹೋಗಿಬರುವ ಖರ್ಚೂ ದೊರೆಯುತ್ತದೆ. ವಸತಿಯ ವ್ಯವಸ್ಥೆ ಅವರವರದೇ. ಕೆಲಸದಲ್ಲಿ ಕಂಡು ಕೇಳಿದ್ದನ್ನು ಹೊರಗೆ ಹೇಳುವುದಿಲ್ಲವೆಂದು ಗೋಪ್ಯತೆಯ ಪ್ರಮಾಣಪತ್ರಕ್ಕೆ ಸಹಿಮಾಡಿಯೇ ಒಳಗೆ ಕಾಲಿಡಬೇಕು. ಬಡ್ಡಿಯ ದರದ ಬಗೆಗೆ ಹೊರಬಿದ್ದ ಒಂದು ಮಾತಿನಿಂದ ಪೇಟೆಯಲ್ಲಿ ಕೋಟಿಗಟ್ಟಲೆ ಹಣ ಕೈಬದಲಾಗಬಲ್ಲುದಾದುದರಿಂದ, ಇಪ್ಪತ್ತೆರಡರ ಹರಯದವರನ್ನೂ ಈ ಕಟ್ಟಳೆಗೆ ಒಳಪಡಿಸುವುದು ಸರಿಯೇ.

ಇದು ನೌಕರಿಯ ಭರವಸೆಯಲ್ಲ. ಬ್ಯಾಂಕಿನ ಗ್ರೇಡ್ ಬಿ ಅಧಿಕಾರಿಗಳ ನೇಮಕ ಪ್ರತ್ಯೇಕವಾದ ಸ್ಪರ್ಧಾತ್ಮಕ ಪರೀಕ್ಷೆಯಿಂದಲೇ ನಡೆಯುತ್ತದೆ; ಬೇಸಗೆಯಲ್ಲಿ ಅಲ್ಲಿದ್ದು ಬಂದವರಿಗೆ ಅದರಲ್ಲಿ ರಿಯಾಯಿತಿಯಿಲ್ಲ. ಹಾಗಾದರೆ ಪ್ರಯೋಜನವೇನು ಎಂಬ ಪ್ರಶ್ನೆಗೆ ಉತ್ತರ ಆ ಕೆಲಸದ ರೀತಿಯಲ್ಲಿಯೇ ಇದೆ.

ಒಂದು ಕಾಲಮ್ಮಿನ ಹಿಂದೆ

ಹೋದ ವಿದ್ಯಾರ್ಥಿಗೆ ಒಂದು ವಿಭಾಗವನ್ನೂ, ಮಾರ್ಗದರ್ಶಕರಾಗಿ ಒಬ್ಬ ಅಧಿಕಾರಿಯನ್ನೂ, ಬ್ಯಾಂಕಿಗೆ ಉಪಯುಕ್ತವಾದ ಒಂದು ವಿಷಯವನ್ನೂ ಗೊತ್ತುಮಾಡುತ್ತಾರೆ. ಆರ್ಥಿಕ ಸಂಶೋಧನೆ, ಅಂಕಿಸಂಖ್ಯೆ, ನೋಟು ನಿರ್ವಹಣೆ, ಗ್ರಾಹಕರ ರಕ್ಷಣೆ, ಹಳ್ಳಿಗಳಿಗೆ ಬ್ಯಾಂಕಿನ ಸೇವೆ, ಕಾನೂನು: ಹೀಗೆ ಹಲವು ವಿಭಾಗಗಳುಂಟು. ಕಡೆಯಲ್ಲಿ ಒಂದು ವರದಿ ಬರೆದು, ಅಧಿಕಾರಿಗಳ ಮುಂದೆ ಅದನ್ನು ಸಮರ್ಥಿಸಬೇಕು.

ಇದು ಕೇಳಲು ಸಾಧಾರಣವಾಗಿ ತೋರಬಹುದು. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಜಿಲ್ಲೆ ಜಿಲ್ಲೆಯ ಬ್ಯಾಂಕುಗಳಲ್ಲಿ ಎಷ್ಟು ಠೇವಣಿಯಿದೆ, ಎಷ್ಟು ಸಾಲ ಹೊರಗಿದೆ, ಅದರಲ್ಲಿ ಕೃಷಿಗೆ ಹೋದದ್ದೆಷ್ಟು ಎಂಬ ಕೋಷ್ಟಕಗಳನ್ನು ರಿಸರ್ವ್ ಬ್ಯಾಂಕು ಪ್ರಕಟಿಸುತ್ತದೆ. ಒಬ್ಬ ವಿದ್ಯಾರ್ಥಿ ಇಂತಹ ಕೋಷ್ಟಕದಲ್ಲಿ ಕೃಷಿಸಾಲದ ಕಾಲಮ್ಮು ವರ್ಷದಿಂದ ವರ್ಷಕ್ಕೆ ಏರುತ್ತಿರುವುದನ್ನು ಕಂಡನೆಂದಿಟ್ಟುಕೊಳ್ಳಿ. ನಗರದಲ್ಲಿಯೇ ಬೆಳೆದವನು ಬೇಸಾಯಕ್ಕೆ ಬಂಡವಾಳ ಹೆಚ್ಚುತ್ತಿದೆಯೆಂದು ಬರೆದು ಮುಂದಕ್ಕೆ ಹೋಗಬಹುದು.

ಕಲಘಟಗಿಯ ಬ್ಯಾಂಕಿನ ಪಾಳಿಯಲ್ಲಿ ತಾಯಿಯೊಡನೆ ನಿಂತು ಬಂದವನು ಹಾಗೆ ಬರೆಯಲಾರನು. ಹೊಲದ ಕಾಗದ ತೋರಿಸಿ ಬಂಗಾರವನ್ನು ಅಡವಿಟ್ಟು ಎತ್ತಿದ ಸಾಲವೂ ಕೃಷಿಸಾಲದ ಲೆಕ್ಕದಲ್ಲಿ ಸೇರುವುದುಂಟೆಂಬುದು ಅವನಿಗೆ ಗೊತ್ತು. ಆ ಹಣದಲ್ಲಿ ಒಂದು ಪಾಲು ಗೋವಿನಜೋಳದ ಬೀಜಕ್ಕೂ ಗೊಬ್ಬರಕ್ಕೂ, ಇನ್ನೊಂದು ಪಾಲು ತಂಗಿಯ ಕಾಲೇಜಿನ ಫೀಸಿಗೂ, ಮತ್ತೊಂದು ಧಾರವಾಡದ ಆಸ್ಪತ್ರೆಯ ಬಿಲ್ಲಿಗೂ ಹೋದುದನ್ನು ಅವನು ಬಲ್ಲನು. ಆದುದರಿಂದ ಅವನು ಕೇಳುವ ಪ್ರಶ್ನೆ ಬೇರೆ: ಈ ಏರಿಕೆಯಲ್ಲಿ ಬೆಳೆಯ ಪಾಲೆಷ್ಟು, ಬಂಗಾರದ ಪಾಲೆಷ್ಟು? ಬಂಗಾರದ ಸಾಲ ಮೇ, ಜೂನ್ ತಿಂಗಳುಗಳಲ್ಲಿ ಹೆಚ್ಚಿ ಸುಗ್ಗಿಯ ನಂತರ ತಗ್ಗುವುದೇ, ಅಥವಾ ತಗ್ಗದೆ ನಿಂತುಬಿಡುವುದೇ? ತಗ್ಗದಿದ್ದರೆ ಅದನ್ನು ಬೇಸಾಯದ ಸಾಲವೆಂದು ಕರೆಯುವುದು ಎಷ್ಟರಮಟ್ಟಿಗೆ ಯುಕ್ತ?

ಮಾರ್ಗದರ್ಶಕರು ಈ ಪ್ರಶ್ನೆಯನ್ನು ಹಾಗೆಯೇ ಒಪ್ಪಿಕೊಳ್ಳುವುದಿಲ್ಲ; ಒಪ್ಪಲೂ ಬಾರದು. ನಿನ್ನ ಊರಿನ ಅನುಭವ ಒಂದು ಊರಿನದು, ಅದು ಜಿಲ್ಲೆಗೆ ಅನ್ವಯಿಸುತ್ತದೆಂಬುದಕ್ಕೆ ಅಂಕಿಯೆಲ್ಲಿದೆ ಎಂದು ಕೇಳುತ್ತಾರೆ. ಆಗ ವಿದ್ಯಾರ್ಥಿ ತ್ರೈಮಾಸಿಕದ ಲೆಕ್ಕಗಳನ್ನು ಹುಡುಕಿ, ಬಂಗಾರದ ಬೆಲೆಯ ಏರಿಕೆಯಿಂದಲೇ ಸಾಲದ ಮೊತ್ತ ಹಿಗ್ಗಿದ ಅಂಶವನ್ನು ಬೇರ್ಪಡಿಸಿ, ಮಳೆ ಕೊರೆಯಾದ ವರ್ಷಗಳನ್ನು ಚೆನ್ನಾದ ವರ್ಷಗಳೊಡನೆ ಹೋಲಿಸಿ, ತನ್ನ ಊಹೆಯನ್ನು ತಾನೇ ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ಕಂಡದ್ದನ್ನು ಲೆಕ್ಕದಿಂದಲೂ, ಲೆಕ್ಕವನ್ನು ಕಂಡದ್ದರಿಂದಲೂ ತಿದ್ದಿಕೊಳ್ಳುವ ಈ ಅಭ್ಯಾಸ ತರಗತಿಯ ಟಿಪ್ಪಣಿಗಳಿಂದ ಬರುವುದಲ್ಲ. ಆ ಬೇಸಗೆಯ ನಿಜವಾದ ಲಾಭ ಇದೇ ಎಂದು ನನ್ನ ಅಭಿಪ್ರಾಯ.

ಗವರ್ನರರ ಪ್ರಶ್ನೆ

ಹಳ್ಳಿಯ ಸಾಲದ ಬಗೆಗೆ ರಿಸರ್ವ್ ಬ್ಯಾಂಕು ಆಸಕ್ತಿ ತಳೆದದ್ದು ಇತ್ತೀಚೆಗಲ್ಲ. ಅದರ ಸ್ಥಾಪನೆಯ ಕಾಯಿದೆಯಲ್ಲಿಯೇ ಕೃಷಿಸಾಲಕ್ಕೆಂದು ಪ್ರತ್ಯೇಕ ವಿಭಾಗವಿರಬೇಕೆಂಬ ವಿಧಿಯಿತ್ತು. ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲು, 1904ರ ಸಹಕಾರ ಸಂಘಗಳ ಕಾಯಿದೆ ಬಂದ ಮರುವರ್ಷವೇ, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ್ದರು. ಕೃಷಿಸಾಲದ ಸಹಕಾರ ಚಳವಳಿಯ ಚರಿತ್ರೆ ಬರೆಯುವವರು ಯಾರೇ ಆಗಲಿ, ಈ ಸೀಮೆಯ ಹೆಸರನ್ನು ಮೊದಲ ಪುಟಗಳಲ್ಲಿಯೇ ಬರೆಯಬೇಕು.

ಸ್ವಾತಂತ್ರ್ಯಾನಂತರ ಈ ಪ್ರಶ್ನೆಯನ್ನು ದೇಶದ ಮಟ್ಟದಲ್ಲಿ ಕೈಗೆತ್ತಿಕೊಂಡಾಗ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದವರು ಬೆನಗಲ್ ರಾಮರಾಯರು. ಮಂಗಳೂರಿನ ಕಡೆಯ ಬೆನಗಲ್ ಮನೆತನದವರು, ಸಂವಿಧಾನ ರಚನೆಯ ಕಾಲದಲ್ಲಿ ಸಲಹೆಗಾರರಾಗಿದ್ದ ಬಿ.ಎನ್. ರಾಯರ ಸಹೋದರರು. 1949ರಿಂದ 1957ರವರೆಗೆ ಆ ಪೀಠದಲ್ಲಿದ್ದ ಅವರಷ್ಟು ದೀರ್ಘಕಾಲ ಮತ್ತಾವ ಗವರ್ನರರೂ ಇದ್ದಿಲ್ಲ. ಅವರ ಕಾಲದಲ್ಲಿ, 1951ರಲ್ಲಿ, ಬ್ಯಾಂಕು ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯನ್ನು ಕೈಗೊಂಡಿತು, ಎ.ಡಿ. ಗೋರವಾಲರ ಅಧ್ಯಕ್ಷತೆಯ ಸಮಿತಿ ಅದನ್ನು ನಿರ್ದೇಶಿಸಿ 1954ರಲ್ಲಿ ವರದಿ ಒಪ್ಪಿಸಿತು.

75 ಜಿಲ್ಲೆಗಳ 600 ಹಳ್ಳಿಗಳಲ್ಲಿ 1,27,343 ಕುಟುಂಬಗಳನ್ನು ಕಂಡು ಕೇಳಿ ಬರೆದುಕೊಂಡ ಆ ಸಮೀಕ್ಷೆಯ ಫಲ ದೇಶವನ್ನು ಬೆಚ್ಚಿಬೀಳಿಸುವಂತಹುದಾಗಿತ್ತು. ರೈತ ಎತ್ತುತ್ತಿದ್ದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರಷ್ಟು ಮಾತ್ರ. ಸರಕಾರದ ಪಾಲೂ ಹೆಚ್ಚುಕಡಿಮೆ ಅಷ್ಟೇ. ವಾಣಿಜ್ಯ ಬ್ಯಾಂಕುಗಳದು ಶೇಕಡಾ 1ನ್ನೂ ಮುಟ್ಟಿರಲಿಲ್ಲ. ಸುಮಾರು 70ರಷ್ಟು ಪಾಲು ಲೇವಾದೇವಿಯವರದೇ. ಅರ್ಧ ಶತಮಾನ ನಡೆದ ಸಹಕಾರ ಚಳವಳಿ ಸೋತಿದೆಯೆಂದು ಸಮಿತಿ ಸಂಕೋಚವಿಲ್ಲದೆ ಬರೆಯಿತು. ಆದರೂ ಅದನ್ನು ಗೆಲ್ಲಿಸದೆ ಹಳ್ಳಿಗೆ ಅನ್ಯಮಾರ್ಗವಿಲ್ಲವೆಂದೂ ಬರೆಯಿತು.

ಆ ಕೋಷ್ಟಕಗಳು ಕಪಾಟಿನಲ್ಲಿ ಉಳಿಯಲಿಲ್ಲ. ಸಮಿತಿಯ ಸಲಹೆಯ ಫಲವಾಗಿಯೇ 1955ರಲ್ಲಿ ಇಂಪೀರಿಯಲ್ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಾಗಿ, ಸಣ್ಣ ಊರುಗಳಲ್ಲಿ ಶಾಖೆ ತೆರೆಯುವ ಹೊಣೆ ಹೊತ್ತಿತು. ಮುಂದೆ 1975ರಲ್ಲಿ ಎಂ. ನರಸಿಂಹಂ ಅವರ ಅಧ್ಯಕ್ಷತೆಯ ತಂಡದ ಸಲಹೆಯಿಂದ ಗ್ರಾಮೀಣ ಬ್ಯಾಂಕುಗಳು ಹುಟ್ಟಿದುವು. ಈ ನರಸಿಂಹಂ ಅವರು ರಿಸರ್ವ್ ಬ್ಯಾಂಕಿಗೆ ಮೊದಲು ಬಂದದ್ದು ಸಂಶೋಧನಾಧಿಕಾರಿಯಾಗಿ, 1977ರಲ್ಲಿ ಗವರ್ನರರಾದರು. ಅಂಕಿಗಳ ಮುಂದೆ ಕುಳಿತು ವೃತ್ತಿ ಆರಂಭಿಸಿದವರೊಬ್ಬರ ಯೋಚನೆ ಮಲಪ್ರಭಾ ಗ್ರಾಮೀಣ ಬ್ಯಾಂಕೆಂಬ ರೂಪದಲ್ಲಿ 1976ರಲ್ಲಿ ಧಾರವಾಡಕ್ಕೆ ಬಂದಿತು. ಅದೇ 2005ರಲ್ಲಿ ಇತರ ಬ್ಯಾಂಕುಗಳೊಡನೆ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಗಿ, 2025ರ ಮೇ ತಿಂಗಳಿನಿಂದ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಗಿದೆ. ನಮ್ಮ ತಾಲೂಕಿನ ಎಷ್ಟೋ ಮನೆಗಳ ಮೊದಲ ಪಾಸ್‌ಬುಕ್ಕಿನ ಮೇಲೆ ಈ ಬ್ಯಾಂಕಿನ ಯಾವುದಾದರೊಂದು ಹೆಸರಿದೆ.

ಕೋಷ್ಟಕಕ್ಕೆ ಸಿಗದ ಸಾಲ

ಇಂದು ಹಳ್ಳಿಯ ಸಾಲದ ಚಿತ್ರ 1951ರದಲ್ಲ, ಆದರೆ ಸುಲಭವಾಗಿ ಓದಿಗೆ ದಕ್ಕುವುದೂ ಅಲ್ಲ. ಅಡತಿ ಅಂಗಡಿಯವನು ಸುಗ್ಗಿಯ ಮೇಲೆ ಕೊಟ್ಟ ಮುಂಗಡ, ಕಿರಾಣಿ ಅಂಗಡಿಯ ಉದ್ರಿ, ಗೊಬ್ಬರದಂಗಡಿಯ ಬಾಕಿ, ನೆಂಟರಿಂದ ತಂದ ಕೈಗಡ: ಇವು ಯಾವ ಬ್ಯಾಂಕಿನ ಲೆಕ್ಕದಲ್ಲಿಯೂ ಇಲ್ಲ. ಇವುಗಳ ನಡುವೆ ಸಂಘದ ಕಿರುಸಾಲ ಬಂದು ಸೇರಿದೆ.

ಈ ಕಿರುಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕು 2022ರ ಏಪ್ರಿಲಿನಿಂದ ಜಾರಿಗೆ ತಂದ ಕಟ್ಟಳೆಗಳು ನಮ್ಮ ಹೆಣ್ಣುಮಕ್ಕಳೆಲ್ಲರೂ ತಿಳಿದಿರಬೇಕಾದುವು. ವಾರ್ಷಿಕ ವರಮಾನ 3 ಲಕ್ಷ ರೂಪಾಯಿವರೆಗಿನ ಕುಟುಂಬಕ್ಕೆ ಯಾವ ಅಡವೂ ಇಲ್ಲದೆ ಕೊಡುವ ಸಾಲವಿದು. ಎಲ್ಲ ಸಾಲಗಳ ಕಂತೂ ಸೇರಿ ಆ ಮನೆಯ ತಿಂಗಳ ವರಮಾನದ ಅರ್ಧವನ್ನು ಮೀರಕೂಡದು. ವಸೂಲಿಗೆಂದು ಬೆಳಗಿನ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡಕೂಡದು. ಇಷ್ಟಿದ್ದರೂ ರಾಜ್ಯದ ಹಲವು ಕಡೆ ವಸೂಲಿಯ ಹಿಂಸೆ ತಾಳಲಾರದೆ ಜನ ಊರು ಬಿಟ್ಟ ವರದಿಗಳು ಬಂದು, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಕಟ್ಟಳೆ ಸರಿಯಿದ್ದೂ ಪಾಡು ಕೆಟ್ಟದ್ದೇಕೆ? ವರಮಾನದ ಅರ್ಧವೆಂಬ ನಿಯಮ, ತಿಂಗಳ ಸಂಬಳವಿರುವ ಮನೆಯಲ್ಲಿ ಸ್ಪಷ್ಟವಾದುದು. ಸುಗ್ಗಿಯಲ್ಲಿ ಒಮ್ಮೆಲೇ ಹಣ ಬಂದು, ಶ್ರಾವಣದಲ್ಲಿ ಕೂಲಿಯೂ ಕೈಗೆ ಹತ್ತದ ಮನೆಯ ತಿಂಗಳ ವರಮಾನವೆಂದು ಯಾವುದನ್ನು ಬರೆಯುವುದು? ವಾರದ ಕಂತು ಮಾತ್ರ ಶ್ರಾವಣದಲ್ಲಿಯೂ ವಾರಕ್ಕೊಮ್ಮೆಯೇ ಬರುತ್ತದೆ. ಒಂದು ಸಂಘದ ಕಂತಿಗಾಗಿ ಇನ್ನೊಂದು ಸಂಘದಲ್ಲಿ ಸಾಲವೆತ್ತುವುದು ಆರಂಭವಾಗುವುದು ಈ ಬಿಡುವಿನಲ್ಲಿಯೇ. ನಿಯಮ ಬರೆಯುವವರು ಬುದ್ಧಿವಂತರು, ಸದುದ್ದೇಶದವರು. ಆದರೆ ಹೊಲದ ಪಂಚಾಂಗವನ್ನು ಬಾಲ್ಯದಿಂದ ಬಲ್ಲವರು ಆ ಮೇಜಿನ ಸುತ್ತ ಇನ್ನೂ ಹೆಚ್ಚಾಗಿ ಬೇಕು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಈ ಬೇಸಗೆಯ ವ್ಯಾಸಂಗ ವಿದ್ಯಾರ್ಥಿಗೆ ಎಷ್ಟು ಅಗತ್ಯವೋ, ಇಂತಹ ವಿದ್ಯಾರ್ಥಿ ಬ್ಯಾಂಕಿಗೆ ಅಷ್ಟೇ ಅಗತ್ಯ.

ಬೆಲೆಯ ವಿಷಯದಲ್ಲಿಯೂ ಹೀಗೆಯೇ. ಟೊಮ್ಯಾಟೊ, ಉಳ್ಳಾಗಡ್ಡಿ, ಬಟಾಟೆಗಳ ಬೆಲೆಯನ್ನು ಕುರಿತು ರಿಸರ್ವ್ ಬ್ಯಾಂಕು 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಉಳ್ಳಾಗಡ್ಡಿಗೆ ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಸೇರುವುದು ಸುಮಾರು 36 ಪೈಸೆ. ಉಳಿದುದು ದಾರಿಯಲ್ಲಿ ಎಲ್ಲೆಲ್ಲಿ ಹಂಚಿಹೋಗುತ್ತದೆಂಬುದನ್ನು ನವಲಗುಂದದ ಹೊಲದಿಂದ ಹುಬ್ಬಳ್ಳಿಯ ಎಪಿಎಂಸಿಯವರೆಗೆ ಚೀಲದ ಜೊತೆಯಲ್ಲಿಯೇ ಲಾರಿಯಲ್ಲಿ ಕುಳಿತು ಬಂದ ಹುಡುಗ ವಿವರಿಸಬಲ್ಲನು: ಹಮಾಲಿ, ತೂಕದ ಸೂಟು, ಚೀಲದ ಖರ್ಚು, ಲಾರಿಯ ಬಾಡಿಗೆ, ಮಳೆಗೆ ಕೊಳೆತುಹೋದ ಪಾಲು. 2012ನ್ನು ಆಧಾರವರ್ಷವಾಗಿ ಹಿಡಿದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಪಾನೀಯಗಳ ತೂಕ ನೂರಕ್ಕೆ ಸುಮಾರು 46 ಇತ್ತು. ಹೀಗಿರುವಾಗ ಉಳ್ಳಾಗಡ್ಡಿಯ ಚೀಲಕ್ಕೂ ಬಡ್ಡಿಯ ದರಕ್ಕೂ ಇರುವ ನಂಟು ದೂರದ್ದೇನೂ ಅಲ್ಲ.

ಅಡ್ಡಿಗಳು

ನಿಯಮದಲ್ಲಿ ಅಡ್ಡಿಯಿಲ್ಲವೆಂದ ಮಾತ್ರಕ್ಕೆ ದಾರಿ ಸಲೀಸೆಂದು ಹೇಳಲಾಗದು. ಮೊದಲನೆಯದು ಕಾಲದ ತೊಡಕು. ಕಲಘಟಗಿಯಲ್ಲಿ ಪದವಿ ಮುಗಿಸಿದವನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಸೇರುವ ಹೊತ್ತಿಗೆ, ಪ್ರವೇಶ ತಡವಾದ ವರ್ಷಗಳಲ್ಲಿ, ಅರ್ಜಿಯ ಗಡುವು ಆಗಲೇ ಹತ್ತಿರ ಬಂದಿರುತ್ತದೆ. ಹಾಸ್ಟೆಲಿನ ಕೊಠಡಿ ಸಿಕ್ಕಿರುವುದಿಲ್ಲ, ಅಧ್ಯಾಪಕರ ಪರಿಚಯವಿರುವುದಿಲ್ಲ. ಎರಡನೆಯ ವರ್ಷದಲ್ಲಿ ವಿಷಯ ತಿಳಿದಾಗ ಅರ್ಹತೆಯೇ ಮುಗಿದಿರುತ್ತದೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಐದು ವರ್ಷದ ಪದವಿಯಲ್ಲಿ ನಾಲ್ಕನೆಯದು ಅರ್ಜಿಯ ವರ್ಷವಾದುದರಿಂದ ಈ ತೊಡಕಿಲ್ಲ.

ಎರಡನೆಯದು ಮನಸ್ಸಿನ ಅಳುಕು. ಹೆಸರುವಾಸಿಯಾದ ಸಂಸ್ಥೆಗಳ ವಿದ್ಯಾರ್ಥಿಗಳೆಂದು ಪ್ರಕಟಣೆಯಲ್ಲಿದ್ದರೆ, ಅದು ತಮ್ಮನ್ನು ಕುರಿತದ್ದಲ್ಲ, ಅಹಮದಾಬಾದಿನ ಅಥವಾ ದಿಲ್ಲಿಯ ದೊಡ್ಡ ಸಂಸ್ಥೆಗಳವರನ್ನು ಕುರಿತದ್ದೆಂದು ನಮ್ಮ ಮಕ್ಕಳು ತಾವಾಗಿಯೇ ಹಿಂದೆ ಸರಿಯುತ್ತಾರೆ. 1949ರಲ್ಲಿ ಸ್ಥಾಪನೆಯಾಗಿ, ಈ ನಾಡಿಗೆ ಎರಡು ಮೂರು ತಲೆಮಾರಿನ ಅರ್ಥಶಾಸ್ತ್ರಜ್ಞರನ್ನೂ ಅಧ್ಯಾಪಕರನ್ನೂ ಕೊಟ್ಟ ವಿಶ್ವವಿದ್ಯಾಲಯದಲ್ಲಿ ಓದುವವರು ಹೀಗೆ ಭಾವಿಸಬೇಕಾದ ಕಾರಣ ನನಗೆ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಸಂದರ್ಶನ ಕೊಡಬೇಕೆಂಬ ಭಯವೂ ಉಂಟು. ಅದು ಸಕಾರಣವಾದ ಭಯ. ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಯೋಚಿಸಬಲ್ಲ ವಿದ್ಯಾರ್ಥಿಗೆ ತನ್ನ ಯೋಚನೆಯನ್ನು ಸರಳವಾದ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುವ ಅಭ್ಯಾಸವನ್ನು ಮಾಡಿಸುವುದು ವಿಭಾಗಗಳ ಕೆಲಸ.

ಮೂರನೆಯದು ಹಣ. ನಿಯೋಜಿತವಾದ ಕಚೇರಿ ಮುಂಬಯಿಯದಾದರೆ, 20,000 ರೂಪಾಯಿಯಲ್ಲಿ ಬಾಡಿಗೆ, ಊಟ, ಲೋಕಲ್ ರೈಲಿನ ಪಾಸು ಇವನ್ನೆಲ್ಲ ತೂಗಿಸುವುದು ಬಿಗಿಯಾದ ಲೆಕ್ಕ. ಮೊದಲ ತಿಂಗಳ ವೇತನ ಕೈಸೇರುವ ಮುನ್ನ ಕೊಡಬೇಕಾದ ಡಿಪಾಜಿಟ್ಟು ಇನ್ನೂ ಕಷ್ಟದ್ದು. ಬೇಸಗೆಯಲ್ಲಿ ಹೊಲದ ಕೆಲಸಕ್ಕೆ ಒಂದು ಆಳು ಕಡಿಮೆಯಾಗುವ ಮಾತೂ ಮನೆಯಲ್ಲಿ ಬಾರದಿರದು. ಮುಂಬಯಿಯಲ್ಲಿ ಈ ಕಡೆಯವರ ಮನೆಗಳಿಗೆ ಕೊರತೆಯಿಲ್ಲ. ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘಗಳು ಮನಸ್ಸು ಮಾಡಿದರೆ ಒಬ್ಬಿಬ್ಬರಿಗೆ ಮೂರು ತಿಂಗಳ ವಸತಿ ಒದಗಿಸುವುದು ದೊಡ್ಡ ಕಾರ್ಯವಲ್ಲ.

ಅಕ್ಟೋಬರಿಗೆ ಮುನ್ನ

ಸಿದ್ಧತೆ ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ಹೇಳುವುದಿಷ್ಟು. ಮುಂಬಯಿಗೆ ಹೋಗದೆಯೇ ಮಾಡಬಹುದಾದ ಅರ್ಧ ಕೆಲಸವಿದೆ. ರಿಸರ್ವ್ ಬ್ಯಾಂಕಿನ ಅಂಕಿಸಂಖ್ಯೆಗಳ ಭಂಡಾರ ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ತೆರೆದಿದೆ. ಮೊಬೈಲಿನಲ್ಲಿಯೇ ಅದನ್ನು ಬಿಚ್ಚಿ ಧಾರವಾಡ ಜಿಲ್ಲೆಯ ಠೇವಣಿ ಎಷ್ಟು, ಸಾಲವೆಷ್ಟು ಎಂದು ನೋಡಬಹುದು. ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇಕಡಾ 40ನ್ನು ಆದ್ಯತೆಯ ಕ್ಷೇತ್ರಗಳಿಗೂ, ಅದರೊಳಗೆ 18ನ್ನು ಕೃಷಿಗೂ ಕೊಡತಕ್ಕದ್ದೆಂಬ ನಿಯಮವಿದೆ. ಗ್ರಾಮೀಣ ಬ್ಯಾಂಕುಗಳಿಗೆ ಆದ್ಯತೆಯ ಪಾಲು ಶೇಕಡಾ 75. ಈ ಸಂಖ್ಯೆಗಳನ್ನು ಹಿಡಿದು ತನ್ನ ತಾಲೂಕಿನ ಶಾಖೆಗಳ ಕಡೆಗೆ ನೋಡಿದರೆ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ.

ಜಿಲ್ಲೆಯ ಬ್ಯಾಂಕುಗಳ ಸಮನ್ವಯ ಸಭೆಗಳಿಗೆ ರಿಸರ್ವ್ ಬ್ಯಾಂಕಿನ ಅಧಿಕಾರಿಯೊಬ್ಬರು ಬರುತ್ತಾರೆ. ಅವರನ್ನು ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ, ಕಲಘಟಗಿಯ ಕಾಲೇಜಿಗೋ ಧಾರವಾಡದ ವಿಭಾಗಕ್ಕೋ ಕರೆದು ಒಂದು ತಾಸು ಮಾತನಾಡಿಸಬಹುದು. ಪದವಿಯ ಕೊನೆಯ ವರ್ಷದಲ್ಲಿರುವವರು ಅದನ್ನು ಕೇಳಿದರೆ, ಮರುವರ್ಷ ಎಂ.ಎ.ಗೆ ಸೇರಿದ ವಾರದಲ್ಲಿಯೇ ಅರ್ಜಿ ತುಂಬಲು ಸಿದ್ಧರಾಗಿರುತ್ತಾರೆ. ಹಾಗೆ ಮಾಡಿದರೆ ಮೇಲೆ ಹೇಳಿದ ಕಾಲದ ತೊಡಕು ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಇನ್ನು ಸಂದರ್ಶನಕ್ಕೆ ಒಯ್ಯಬೇಕಾದ ವಿಷಯ. ಅದನ್ನು ಹುಡುಕಲು ಗ್ರಂಥಾಲಯಕ್ಕೇ ಹೋಗಬೇಕೆಂದಿಲ್ಲ. ಹಿಂದೆ ಭತ್ತವನ್ನೇ ಬೆಳೆಯುತ್ತಿದ್ದ ಕಲಘಟಗಿಯ ಗದ್ದೆಗಳಲ್ಲಿ ಇಂದು ಗೋವಿನಜೋಳವೂ ಕಬ್ಬೂ ನಿಂತಿವೆ. ಮನೆಗೆ ಬೇಕಾದ ಅಕ್ಕಿ ಬೆಳೆಯುತ್ತಿದ್ದ ಕುಟುಂಬ ಅಕ್ಕಿಯನ್ನು ಕೊಳ್ಳುವ ಕುಟುಂಬವಾದಾಗ, ಅದರ ಸಾಲದ ತಿಂಗಳು ಬದಲಾಯಿತೇ, ಸಾಲದ ಮೊತ್ತ ಬದಲಾಯಿತೇ, ಬೆಲೆ ಏರಿಕೆಯ ಬಿಸಿ ಅದಕ್ಕೆ ಮೊದಲಿಗಿಂತ ಹೆಚ್ಚು ತಟ್ಟುತ್ತಿದೆಯೇ? ತಬಕದಹೊನ್ನಳ್ಳಿಯ ಐವತ್ತು ಮನೆಗಳನ್ನು ಕೇಳಿ, ಉತ್ತರಗಳನ್ನು ಜಿಲ್ಲೆಯ ಲೆಕ್ಕದ ಪಕ್ಕದಲ್ಲಿಟ್ಟು ನಾಲ್ಕು ಪುಟ ಬರೆದುಕೊಂಡವನು, ಸಂದರ್ಶನದಲ್ಲಿ ಯಾವ ವಿಷಯದ ಮೇಲೆ ಕೆಲಸ ಮಾಡಬಯಸುವಿರಿ ಎಂದು ಕೇಳಿದಾಗ ಇದನ್ನೇ ಹೇಳಲಿ.